ಪರದೆಯೊಳಗಿನ ಗುಡ್ಡವೂ ಕಿಟಕಿಯಾಚೆಯ ಗುಡ್ಡವೂ

ಲಘು ವಿಮಾನ ಹಾರಿಸುವ ಓದುಗರ ಪ್ರಶ್ನೆಗಳಿಗೆ ನಮ್ಮ ಅಂಕಣಕಾರರಾದ ಹಾರಾಟ ತರಬೇತುದಾರರ ಉತ್ತರಗಳು

ಪ್ರಶ್ನೆ: ಮಾನ್ಯರೇ, ಖಾಸಗಿ ಪೈಲಟ್ ಲೈಸೆನ್ಸ್ ಪಡೆದು ನನಗೆ ಒಂದು ವರ್ಷವಾಯಿತು. ಉಪಕರಣಗಳನ್ನಷ್ಟೇ ನೋಡಿಕೊಂಡು ಹಾರುವ ಅರ್ಹತೆ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್, ನನಗಿನ್ನೂ ಇಲ್ಲ. ಹಾರಾಟದ ಯೋಜನೆಗೆಂದು ಟ್ಯಾಬ್ಲೆಟ್‌ಗೆ ಹಾಕಿಕೊಂಡಿರುವ ತಂತ್ರಾಂಶದಲ್ಲಿ ಸಿಂಥೆಟಿಕ್ ವಿಷನ್ ಎಂಬ ಸೌಲಭ್ಯವಿದ್ದು, ಎದುರಿನ ಗುಡ್ಡ, ಕಣಿವೆ, ರನ್‌ವೇ ಎಲ್ಲವೂ ಅದರಲ್ಲಿ ಕಣ್ಣಿಗೆ ಕಟ್ಟಿದಂತೆ ಮೂಡುತ್ತವೆ. ಕ್ಯಾಮೆರಾ ಇಲ್ಲದೆ ಇದು ಹೇಗೆ ಸಾಧ್ಯ? ಅಕಸ್ಮಾತ್ ಮೋಡದೊಳಗೆ ಸಿಕ್ಕಿಕೊಂಡರೆ ಇದನ್ನೇ ನೋಡಿಕೊಂಡು ಹೊರಬರಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಚಿತ್ರವನ್ನು ನೆಚ್ಚಿಕೊಂಡು ಮೋಡದ ಹತ್ತಿರಕ್ಕೂ ಹೋಗಬೇಡಿ. ಕಾರಣ ತಿಳಿಯಬೇಕಾದರೆ ಆ ಚಿತ್ರ ಹುಟ್ಟುವ ಬಗೆಯನ್ನು ನೋಡಬೇಕು. ಮೊದಲೇ ಅಳೆದು ಕೂಡಿಟ್ಟ ನೆಲದ ಎತ್ತರಗಳು, ನೀವು ಎಲ್ಲಿದ್ದೀರಿ ಎಂದು ಜಿಪಿಎಸ್ ಹೇಳುವ ಸ್ಥಾನ, ವಿಮಾನ ಎಷ್ಟು ವಾಲಿದೆ ಮತ್ತು ಮೂತಿ ಎಷ್ಟು ಎತ್ತಿದೆ ಎಂಬ ಭಂಗಿಯ ಮಾಹಿತಿ, ಈ ಮೂರನ್ನು ಕೂಡಿಸಿ ತಂತ್ರಾಂಶವು ಕ್ಷಣಕ್ಷಣವೂ ಚಿತ್ರ ಬರೆಯುತ್ತಿರುತ್ತದೆ. ಅದು ಹೊರಗೆ ನೋಡುತ್ತಿಲ್ಲ, ನೆನಪಿನಿಂದ ಹೇಳುತ್ತಿದೆ. ನೆನಪು ಎಷ್ಟು ನಿಖರವೋ ಚಿತ್ರವೂ ಅಷ್ಟೇ ನಿಖರ.

ಆ ನೆನಪಿನ ಬಹುಭಾಗ ಬಂದದ್ದು ಬಾಹ್ಯಾಕಾಶದಿಂದ. 2000ನೆಯ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ನೌಕೆಯು 11 ದಿನಗಳ ಯಾನದಲ್ಲಿ ಉತ್ತರದ 60 ಡಿಗ್ರಿ ಅಕ್ಷಾಂಶದಿಂದ ದಕ್ಷಿಣದ 56 ಡಿಗ್ರಿವರೆಗಿನ ನೆಲವನ್ನು ರೇಡಾರ್‌ನಿಂದ ಅಳೆಯಿತು. ಇಂದು ಬಳಕೆಯಲ್ಲಿರುವ ಅನೇಕ ಭೂಮೇಲ್ಮೈ ದತ್ತಾಂಶಗಳಿಗೆ ಈ ಅಳತೆಯೇ ಬುನಾದಿ. ಮೂಲದಲ್ಲಿ ಸುಮಾರು 30 ಮೀಟರಿಗೊಂದು ಬಿಂದುವಿನಂತೆ ಎತ್ತರ ದಾಖಲಾಗಿದೆ; ಆದರೆ ವಿಮಾನದ ಉಪಕರಣಗಳಲ್ಲಿ ಜಾಗ ಉಳಿಸಲೆಂದು ಬಿಂದುಗಳನ್ನು ವಿರಳಗೊಳಿಸುವುದುಂಟು, 9 ಆರ್ಕ್ ಸೆಕೆಂಡಿನ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ) ದತ್ತಾಂಶವಾದರೆ ಎರಡು ಬಿಂದುಗಳ ನಡುವೆ ಸುಮಾರು 280 ಮೀಟರ್ ಅಂತರವಿರುತ್ತದೆ. ನಡುವಿನದ್ದನ್ನು ತಂತ್ರಾಂಶ ಹಾಸುಬಟ್ಟೆ ಎಳೆದಂತೆ ತುಂಬಿಕೊಳ್ಳುವುದರಿಂದ ಚೂಪಾದ ಕೋಡುಗಲ್ಲು ಪರದೆಯ ಮೇಲೆ ನುಣುಪಾದ ದಿಬ್ಬವಾಗಿಬಿಡಬಹುದು. ದಟ್ಟ ಕಾಡಿನ ಮೇಲೆ ಬಿದ್ದ ರೇಡಾರ್ ಅಲೆಗಳು ಬಹುಮಟ್ಟಿಗೆ ಎಲೆಯ ಚಪ್ಪರದಿಂದಲೇ ಮರಳಿರುವ ಕಾರಣ ಅಲ್ಲಿಯ ಅಂಕಿ ನೆಲದ್ದೂ ಅಲ್ಲ, ಮರದ ತುದಿಯದ್ದೂ ಅಲ್ಲ. ಇನ್ನು ಗೋಪುರ, ವಿದ್ಯುತ್ ತಂತಿಗಳ ವಿಷಯ. ಇವು ಬೇರೆಯದೇ ಆದ ಅಡೆತಡೆಗಳ ಪಟ್ಟಿಯಿಂದ ಬರುತ್ತವೆ. ಯಾರಾದರೂ ವರದಿ ಮಾಡಿದ್ದರೆ ಪಟ್ಟಿಯಲ್ಲಿ ಉಂಟು, ಇಲ್ಲವಾದರೆ ಇಲ್ಲ. ಕಣಿವೆಯ ಈ ದಡದಿಂದ ಆ ದಡಕ್ಕೆ ಎಳೆದ ತಂತಿ ಪರದೆಯಲ್ಲಿ ಕಾಣುತ್ತದೆಂದು ಯಾರೂ ಭಾವಿಸಬಾರದು.

ನೆಲದ ದೋಷಕ್ಕಿಂತ ಭಂಗಿಯ ದೋಷ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಸುಲಭವಾಗಿ ಗೊತ್ತಾಗುವುದಿಲ್ಲ. ತರಬೇತಿಯಲ್ಲಿ ನಾನು ವಿದ್ಯಾರ್ಥಿಯ ಕೈಗೆ ಅರ್ಧ ಲೋಟ ನೀರು ಕೊಟ್ಟು ವಿಮಾನವನ್ನು 30 ಡಿಗ್ರಿ ವಾಲಿಸಿ ಹದವಾಗಿ ತಿರುಗಿಸುತ್ತೇನೆ. ಕಿಟಕಿಯಲ್ಲಿ ದಿಗಂತ ಓರೆಯಾಗಿ ನಿಂತಿರುತ್ತದೆ, ಲೋಟದ ನೀರು ಮಾತ್ರ ಅಂಚಿಗೆ ಸಮನಾಗಿ, ಮೇಜಿನ ಮೇಲಿಟ್ಟಂತೆ ಅಲುಗದೆ ಇರುತ್ತದೆ. ಟ್ಯಾಬ್ಲೆಟ್‌ನೊಳಗಿನ ಆಕ್ಸಿಲರೋಮೀಟರ್, ಅಂದರೆ ವೇಗದ ಬದಲಾವಣೆಯನ್ನೂ ಗುರುತ್ವದ ಸೆಳೆತವನ್ನೂ ಗ್ರಹಿಸುವ ಸಂವೇದಕ, ಈ ನೀರೇ. ತಿರುವಿನಲ್ಲಿ ವಿಮಾನದ ನೆಲಹಾಸು ಯಾವ ಕಡೆಗಿದೆಯೋ ಅದೇ ಕೆಳದಿಕ್ಕೆಂದು ಅದು ಸಾಕ್ಷಿ ಹೇಳುತ್ತದೆ. ಆದ್ದರಿಂದ ಹೊರಳುವಿಕೆಯನ್ನು ಅಳೆಯುವ ಗೈರೊಸ್ಕೋಪ್ ಬೇಕು. ಆದರೆ ಅಗ್ಗದ ಗೈರೊಸ್ಕೋಪ್ ನಿಧಾನವಾಗಿ ಜಾರುತ್ತ ಹೋಗುತ್ತದೆ, ಅದನ್ನು ಪದೇ ಪದೇ ತಿದ್ದಲು ಬೇರೆ ಸಂವೇದಕಗಳ ನೆರವು ಬೇಕು. ವಿಮಾನಕ್ಕೆಂದೇ ಪ್ರಮಾಣೀಕರಿಸಿದ ಉಪಕರಣಗಳಲ್ಲಿ ಈ ತಿದ್ದುಪಡಿಯನ್ನು ಪರೀಕ್ಷಿಸಿರುತ್ತಾರೆ. ತೊಡೆಗೆ ಕಟ್ಟಿಕೊಂಡ ಟ್ಯಾಬ್ಲೆಟ್ಟಿಗೆ ಆ ಭರವಸೆಯಿಲ್ಲ, ಕಾಲು ಅಲುಗಿದರೆ ಅದರ ದಿಗಂತವೂ ಅಲುಗೀತು.

ಸಂವೇದಕವೇ ಇಲ್ಲದಿದ್ದಾಗ ಕೆಲವು ತಂತ್ರಾಂಶಗಳು ಜಿಪಿಎಸ್ ಪಥವನ್ನು ನೋಡಿ ಭಂಗಿಯನ್ನು ಊಹಿಸುತ್ತವೆ. ಪಥ ಎಡಕ್ಕೆ ಬಾಗುತ್ತಿದ್ದರೆ ವಿಮಾನ ಎಡಕ್ಕೆ ವಾಲಿರಬೇಕು ಎಂಬುದು ಅವುಗಳ ಲೆಕ್ಕ. ಸಾಮಾನ್ಯ ಹಾರಾಟದಲ್ಲಿ ಈ ಊಹೆ ತುಸು ತಡವಾಗಿಯಾದರೂ ಸರಿಯಾಗಿಯೇ ಬರುತ್ತದೆ. ಆದರೆ ವೇಗ ಕುಗ್ಗಿ, ಮೂತಿ ಮೇಲೆದ್ದು, ವಿಮಾನ ಸ್ಟಾಲ್‌ನ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯ, ಅಂಚಿನಲ್ಲಿ ಅದೇ ಎತ್ತರದಲ್ಲಿ ತೆವಳುತ್ತಿದೆ ಎಂದುಕೊಳ್ಳಿ. ಪಥ ಸಮತಲವಾಗಿರುವುದರಿಂದ ಮೂತಿಯೂ ಸಮತಲವಾಗಿದೆ ಎಂದೇ ಪರದೆ ತೋರಿಸುತ್ತದೆ, ಅದೂ ನಿಮಗೆ ಸತ್ಯ ಬೇಕಾದ ಗಳಿಗೆಯಲ್ಲಿ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣಗಳನ್ನಷ್ಟೇ ನೋಡಿ ಹಾರುವ ತರಬೇತಿಯಿಲ್ಲದ 20 ಮಂದಿಯನ್ನು ಹೊರಗೇನೂ ಕಾಣದ ಸ್ಥಿತಿಗೆ ಒಡ್ಡಿ ನೋಡಿದಾಗ ಎಲ್ಲರೂ ವಿಮಾನದ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು. ಅವರ ಮುಂದೆಯೂ ಉಪಕರಣಗಳಿದ್ದವು ಎಂಬುದನ್ನು ಗಮನಿಸಿ. ಕೊರತೆಯಿದ್ದದ್ದು ಅಭ್ಯಾಸದಲ್ಲಿ, ಮತ್ತು ಚಿತ್ರ ಎಷ್ಟೇ ಸುಂದರವಾದರೂ ಅಭ್ಯಾಸವನ್ನು ಕೊಡಲಾರದು. ಮೋಡ ಹೊಕ್ಕೇಬಿಟ್ಟಿರಾದರೆ ವಿಮಾನದ ಸ್ವಂತ ದಿಗಂತ ಸೂಚಕವನ್ನು ನೋಡುತ್ತ ರೆಕ್ಕೆಗಳನ್ನು ಸಮಮಾಡಿ, ಮೆಲ್ಲನೆ ವಾಲಿಸಿ, ಬಂದ ದಾರಿಗೇ ತಿರುಗಿ, ನಿಯಂತ್ರಣ ಕೇಂದ್ರಕ್ಕೆ ನಿಮ್ಮ ಸ್ಥಿತಿಯನ್ನು ಬಿಚ್ಚಿ ಹೇಳಿ.

ಇಷ್ಟು ಹೇಳಿದ ಮೇಲೂ ನಾನು ಸಿಂಥೆಟಿಕ್ ವಿಷನ್‌ನ ವಿರೋಧಿಯಲ್ಲ. ಪರದೆಯ ಮೇಲೆ ರೆಕ್ಕೆ ಮೂಡಿದ ಪುಟ್ಟ ವೃತ್ತವೊಂದು ಕಾಣುತ್ತದಲ್ಲ, ಅದು ಮೂತಿಯ ದಿಕ್ಕನ್ನಲ್ಲದೆ ವಿಮಾನ ನಿಜವಾಗಿ ಸಾಗುತ್ತಿರುವ ದಾರಿಯನ್ನು ತೋರಿಸುತ್ತದೆ. ಆ ವೃತ್ತ ಗುಡ್ಡದ ಮೈಮೇಲೆ ಕೂತಿದ್ದರೆ ನೀವು ಹೋಗುತ್ತಿರುವುದೂ ಅಲ್ಲಿಗೇ. ಸಾಮಾನ್ಯವಾಗಿ ನಿಮ್ಮ ಮಟ್ಟಕ್ಕಿಂತ 100 ಅಡಿಯೊಳಗೆ ಬಂದ ಅಥವಾ ಅದಕ್ಕೂ ಎತ್ತರದ ನೆಲ ಕೆಂಪಾಗಿಯೂ, 1000 ಅಡಿಯೊಳಗಿನದು ಹಳದಿಯಾಗಿಯೂ ಕಾಣುತ್ತದೆ. ಕತ್ತಲ ರಾತ್ರಿಯಲ್ಲಿ, ದೀಪವೊಂದೂ ಇಲ್ಲದ ಬೆಟ್ಟಸಾಲಿನ ಪಕ್ಕದಲ್ಲಿ, ಈ ಬಣ್ಣಗಳ ಬೆಲೆ ನನಗೆ ಚೆನ್ನಾಗಿ ಗೊತ್ತು. ಆದರೂ ಇದರ ಉತ್ತಮ ಬಳಕೆ ನೆಲದ ಮೇಲೆಯೇ ಇದೆ ಎನ್ನುತ್ತೇನೆ. ಕೆಲವು ತಂತ್ರಾಂಶಗಳಲ್ಲಿ ಯೋಜಿಸಿದ ದಾರಿಯನ್ನು ಹಿಂದಿನ ಸಂಜೆಯೇ ಮೂರು ಆಯಾಮದಲ್ಲಿ ಹಾರಿ ನೋಡಬಹುದು. ಯಾವ ಕಣಿವೆ ಮುಂದೆ ಕಿರಿದಾಗುತ್ತದೆ, ಎಲ್ಲಿ ಹಿಂದಿರುಗಲು ಜಾಗವಿಲ್ಲ ಎಂಬುದನ್ನು ಕುರ್ಚಿಯಲ್ಲಿ ಕೂತು ತಿಳಿದುಕೊಂಡವರಿಗೆ ಮರುದಿನ ಪರದೆ ನೋಡುವ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ.

ಪ್ರಶ್ನೆ: ಟ್ಯಾಬ್ಲೆಟ್ ಇರುವಾಗ ಕಾಗದದ ನಕ್ಷೆಯನ್ನೂ ಒಯ್ಯಬೇಕೇ?

ಉತ್ತರ: ಒಯ್ಯಿರಿ, ಅಥವಾ ಎರಡನೆಯ ಸಾಧನವನ್ನಾದರೂ ನೆರಳಿನಲ್ಲಿ, ಚೀಲದೊಳಗೆ ಇಟ್ಟುಕೊಳ್ಳಿ. ಐಪ್ಯಾಡ್ ಬಳಸಬಹುದಾದ ವಾತಾವರಣದ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ತಯಾರಕರೇ ಹೇಳುತ್ತಾರೆ. ಗಾಜಿನ ಮುಚ್ಚಿಗೆಯ ಕೆಳಗೆ ಬಿಸಿಲಿಗೆ ಒಡ್ಡಿಕೊಂಡ ಸಾಧನ ಆ ಮಿತಿಯನ್ನು ಬೇಗ ದಾಟಿ ಎಚ್ಚರಿಕೆಯ ಸೂಚನೆಯೊಂದನ್ನೇ ತೋರಿಸುತ್ತ ಕೂತುಬಿಡುತ್ತದೆ. ಕೊಳ್ಳುವ ಮುನ್ನ ಇನ್ನೊಂದು ಮಾತು: ವೈಫೈ ಮಾತ್ರ ಇರುವ ಐಪ್ಯಾಡ್ ಮಾದರಿಗಳಲ್ಲಿ ಜಿಪಿಎಸ್ ಇರುವುದಿಲ್ಲ, ಸೆಲ್ಯುಲರ್ ಮಾದರಿಗಳಲ್ಲಿ ಇರುತ್ತದೆ.

ಪ್ರಶ್ನೆ: ವಿಮಾನದ ಎತ್ತರ ತೋರಿಸುವ ಉಪಕರಣವಾದ ಆಲ್ಟಿಮೀಟರ್‌ಗೂ ತಂತ್ರಾಂಶದಲ್ಲಿ ಕಾಣುವ ಎತ್ತರಕ್ಕೂ 300 ಅಡಿಯಷ್ಟು ವ್ಯತ್ಯಾಸ ಬರುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತಿವೆ, ಆದ್ದರಿಂದ ಎರಡೂ ತಮ್ಮ ಮಟ್ಟಿಗೆ ಸರಿಯಿರಬಹುದು. ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಮೊದಲಿಗೆ, ನೀವು ಅದರ ಮುಖದ ಮೇಲಿನ ಪುಟ್ಟ ಕಿಟಕಿಯಲ್ಲಿ ಸ್ಥಳೀಯ ಒತ್ತಡವನ್ನು ಸರಿಯಾಗಿ ಇಟ್ಟಿದ್ದೀರಾ ಎಂದು ನೋಡಿ. ಒಂದು ಹೆಕ್ಟೊಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಎಂದರೆ ಕೆಳಮಟ್ಟದಲ್ಲಿ ಸುಮಾರು 27ರಿಂದ 30 ಅಡಿ; 1003 ಇಡಬೇಕಾದಲ್ಲಿ 1013 ಉಳಿದಿದ್ದರೆ ಮುಳ್ಳು ಸುಮಾರು 300 ಅಡಿ ಹೆಚ್ಚು ತೋರಿಸುತ್ತದೆ, ಅಂದರೆ ನೀವು ಅಂದುಕೊಂಡದ್ದಕ್ಕಿಂತ ಅಷ್ಟು ಕೆಳಗಿರುತ್ತೀರಿ. ಅದು ಸರಿಯಿದ್ದರೆ ಉಷ್ಣತೆಯನ್ನು ಲೆಕ್ಕಕ್ಕೆ ತನ್ನಿ. ಗಾಳಿಯು ಆ ಎತ್ತರಕ್ಕೆಂದು ಲೆಕ್ಕದಲ್ಲಿ ಗೊತ್ತುಮಾಡಿದ ಪ್ರಮಾಣಿತ ಉಷ್ಣತೆಗಿಂತ 10 ಡಿಗ್ರಿ ತಣ್ಣಗಿದ್ದರೆ ನಿಜವಾದ ಎತ್ತರ ಸರಿಸುಮಾರು ಶೇಕಡ 4ರಷ್ಟು ಕಡಿಮೆಯಾಗುತ್ತದೆ. 20 ಡಿಗ್ರಿ ತಣ್ಣಗಿರುವ ದಿನ, ಒತ್ತಡ ವರದಿ ಮಾಡಿದ ನಿಲ್ದಾಣದಿಂದ 5000 ಅಡಿ ಮೇಲೆ ಇದ್ದೀರೆಂದು ಮುಳ್ಳು ಹೇಳಿದರೆ ನೀವಿರುವುದು 4600 ಅಡಿಯ ಆಸುಪಾಸಿನಲ್ಲಿ. ಬಿಸಿ ದಿನಗಳಲ್ಲಿ ಇದು ತಿರುವುಮುರುವಾಗುತ್ತದೆ.

ಜಿಪಿಎಸ್‌ಗೆ ಒತ್ತಡ, ಉಷ್ಣತೆಗಳ ಗೊಡವೆಯಿಲ್ಲ. ಅದರ ತೊಡಕು ಬೇರೆ. ಅದು ಮೂಲತಃ ಎತ್ತರವನ್ನು ಲೆಕ್ಕ ಹಾಕುವುದು ಭೂಮಿಯ ಆಕಾರಕ್ಕೆ ಹೊಂದುವ ನಯವಾದ ಗಣಿತದ ಮೇಲ್ಮೈಯಿಂದ; ಸಮುದ್ರಮಟ್ಟ ಆ ಮೇಲ್ಮೈಗೆ ಸಮನಾಗಿಲ್ಲ. ಶ್ರೀಲಂಕೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು 100 ಮೀಟರಿಗಿಂತಲೂ ಹೆಚ್ಚು ತಗ್ಗಿದೆ. ಒಳ್ಳೆಯ ವೈಮಾನಿಕ ತಂತ್ರಾಂಶ ಈ ವ್ಯತ್ಯಾಸವನ್ನು ಕಳೆದು ತೋರಿಸುತ್ತದೆ, ಸಾಧಾರಣ ಆ್ಯಪ್ ತೋರಿಸದೆಯೂ ಇರಬಹುದು. ಬೇರೆ ವಿಮಾನಗಳಿಂದ ಅಂತರ ಕಾಯ್ದುಕೊಳ್ಳಲು ಮತ್ತು ವಾಯುಪ್ರದೇಶದ ಮಿತಿಗಳನ್ನು ಪಾಲಿಸಲು ಆಲ್ಟಿಮೀಟರನ್ನೇ ಅನುಸರಿಸಿ, ಏಕೆಂದರೆ ಉಳಿದವರೆಲ್ಲರೂ ಅದನ್ನೇ ಅನುಸರಿಸುತ್ತಿರುತ್ತಾರೆ. ಗುಡ್ಡ ದಾಟುವಾಗ ಎರಡರಲ್ಲಿ ಕಡಿಮೆ ತೋರಿಸುವುದನ್ನು ನಂಬಿ ಇನ್ನಷ್ಟು ಮೇಲೇರಿ.

ಪ್ರಶ್ನೆ: ತಂತ್ರಾಂಶ ಹೇಳಿದ ಸಮಯ ಮತ್ತು ಇಂಧನದ ಲೆಕ್ಕಕ್ಕೂ ವಾಸ್ತವಕ್ಕೂ ಹೊಂದಿಕೆಯಾಗುತ್ತಿಲ್ಲ. ಹೋಗುವಾಗ ಎದುರುಗಾಳಿಗೆ ಕಳೆದುಕೊಂಡದ್ದನ್ನು ಬರುವಾಗ ಹಿಂಗಾಳಿ ತುಂಬಿಕೊಡುತ್ತದೆ ಎಂದು ನಾನು ಎಣಿಸಿದ್ದೆ. ಕಳೆದ ಬಾರಿ ಇಳಿದಾಗ ಟ್ಯಾಂಕಿನಲ್ಲಿ ಉಳಿದದ್ದು ನಾನು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ. ತಪ್ಪು ಎಲ್ಲಿದೆ?

ಉತ್ತರ: ಎರಡು ಕಡೆ ಇದೆ, ಎರಡೂ ತಂತ್ರಾಂಶದ್ದಲ್ಲ. ಹಿಂಗಾಳಿ ಸಾಲ ತೀರಿಸುವುದಿಲ್ಲ. ಗಾಳಿಯಲ್ಲಿ 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ) ವೇಗದ ವಿಮಾನ 150 ನಾಟಿಕಲ್ ಮೈಲಿ ಹೋಗಿ ಬರಲು ನಿಶ್ಚಲ ಗಾಳಿಯಲ್ಲಿ ಮೂರು ಗಂಟೆ ಸಾಕು. 25 ನಾಟ್ ಗಾಳಿ ಬೀಸಿದರೆ ಹೋಗಲು 75 ನಾಟ್‌ನಲ್ಲಿ ಎರಡು ಗಂಟೆ, ಮರಳಲು 125 ನಾಟ್‌ನಲ್ಲಿ ಒಂದು ಗಂಟೆ 12 ನಿಮಿಷ, ಒಟ್ಟು ಮೂರು ಗಂಟೆ 12 ನಿಮಿಷ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು, ನಷ್ಟವೆಲ್ಲ ಅಲ್ಲಿಯೇ.

ಎರಡನೆಯದು ನೀವೇ ತುಂಬಿದ ವಿಮಾನದ ವಿವರ. ಕೈಪಿಡಿಯಲ್ಲಿ ಗಂಟೆಗೆ 32 ಲೀಟರ್ ಎಂದಿದ್ದುದನ್ನು ನಾನು ಹಾಗೆಯೇ ನಮೂದಿಸಿ ಒಂದು ಋತುವಿಡೀ ಹಾರಿದ್ದೆ. ಆಮೇಲೆ ಪ್ರತಿ ಸಲ ಹಾರುವ ಮುಂಚೆ ಮತ್ತು ಇಳಿದ ಮೇಲೆ ಟ್ಯಾಂಕಿಗೆ ಅಳತೆಗೋಲು ಇಳಿಸಿ, ಒದ್ದೆಯಾದ ಗೆರೆಯನ್ನು ಓದಿ ಬರೆದಿಡುತ್ತ ಹೋದಾಗ ನನ್ನ ಹಳೆಯ ಎಂಜಿನ್, ನನ್ನ ಕೈಯ ಗಾಳಿ-ಇಂಧನ ಮಿಶ್ರಣದ ಹೊಂದಾಣಿಕೆಯಲ್ಲಿ, 36 ಲೀಟರ್ ಕುಡಿಯುತ್ತಿದೆ ಎಂದು ತಿಳಿಯಿತು. ಬಳಸಬಹುದಾದ 120 ಲೀಟರ್ ಇಂಧನಕ್ಕೆ ತಂತ್ರಾಂಶ ಮೂರು ಗಂಟೆ 45 ನಿಮಿಷದ ಹಾರಾಟ ತೋರಿಸುತ್ತಿತ್ತು. ನಿಜವಾಗಿ ಇದ್ದದ್ದು ಮೂರು ಗಂಟೆ 20 ನಿಮಿಷ. ಹಗಲಿನ ದೃಷ್ಟಿ ಹಾರಾಟಕ್ಕೆ, ಅಂದರೆ ಹೊರಗೆ ಕಾಣುವುದನ್ನು ನೋಡಿಕೊಂಡು ಹಾರುವುದಕ್ಕೆ, ಅಮೆರಿಕದ ನಿಯಮ ಕೇಳುವ ಮೀಸಲು 30 ನಿಮಿಷ. ಅದರಲ್ಲಿ 25 ನಿಮಿಷವನ್ನು ಒಂದು ತಪ್ಪು ಅಂಕಿ ನುಂಗಿ ಕೂತಿತ್ತು, ಪರದೆಯ ಮೇಲೆ ಮಾತ್ರ ಎಲ್ಲವೂ ಹಸಿರಾಗಿಯೇ ಇತ್ತು.

ಆದ್ದರಿಂದ ಮುಂದಿನ ಹತ್ತು ಹಾರಾಟಗಳ ಅಳತೆಯನ್ನು ಬರೆದಿಟ್ಟು, ಏರುವಾಗಿನ ಬಳಕೆಯನ್ನು ಬೇರೆಯಾಗಿಯೂ ಸಮತಲ ಹಾರಾಟದ್ದನ್ನು ಬೇರೆಯಾಗಿಯೂ ತಂತ್ರಾಂಶಕ್ಕೆ ಕೊಡಿ. ಹಾರಾಟದ ನಡುವೆ, ಗೊತ್ತಾದ ಊರು ಅಥವಾ ನದಿಯ ತಿರುವು ಬಂದಾಗ, ಯೋಜಿಸಿದ ಸಮಯದ ಪಕ್ಕದಲ್ಲಿ ನಿಜವಾದ ಸಮಯವನ್ನು ಪೆನ್ಸಿಲಿನಿಂದ ಬರೆಯಿರಿ. ಎರಡನೆಯ ಗುರುತಿನ ಹೊತ್ತಿಗೇ ಐದು ನಿಮಿಷ ತಡವಾಗಿದ್ದರೆ ಮುನ್ಸೂಚನೆಯ ಗಾಳಿ ತಪ್ಪಿದೆ ಎಂದು ತಿಳಿದು, ಹತ್ತಿರದ ನಿಲ್ದಾಣದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಿ.