ಮಾದರಿ ಕಾರಿಗೆ ಬಣ್ಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಮತ್ತು ಪ್ಲಾಸ್ಟಿಕ್ ಕಿಟ್ಟಿನಿಂದ ಜೋಡಿಸುವ ಪುಟ್ಟ ಕಾರುಗಳ ಬಣ್ಣದ ಪೂರ್ವಸಿದ್ಧತೆಯ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಸೇನಾ ವಾಹನಗಳ ಮಾದರಿಯಲ್ಲಿ ಮಣ್ಣು, ತುಕ್ಕು, ಸವೆತಗಳು ಅನೇಕ ತಪ್ಪುಗಳನ್ನು ಮುಚ್ಚಿಬಿಡುತ್ತವೆ. ಕಾರಿನ ಮಾದರಿಗೆ ಆ ಅನುಕೂಲವಿಲ್ಲ. ಹೊಳೆಯುವ ಬಾನೆಟ್ಟಿನ ಮೇಲೆ ಬೆಳಕು ಬಿದ್ದಾಗ ಒಂದು ಧೂಳಿನ ಕಣವೂ, ಒಂದು ಗೀರೂ ಎದ್ದು ಕಾಣುತ್ತದೆ. ಬಣ್ಣದ ದೋಷವೆಂದು ಓದುಗರು ಬರೆದಿರುವ ತೊಂದರೆಗಳಲ್ಲಿ ಬಹುಪಾಲು ಬಣ್ಣದ ಬಾಟಲಿ ತೆರೆಯುವುದಕ್ಕೂ ಮೊದಲೇ ಹುಟ್ಟಿಕೊಂಡಂಥವು.

ಪ್ರಶ್ನೆ: 1/24 ಅಳತೆಯ (ನಿಜವಾದ ಕಾರಿನ ಇಪ್ಪತ್ನಾಲ್ಕನೆಯ ಒಂದು ಪಾಲು) ಕಾರಿನ ಬಾಡಿಯ ಮೇಲೆ ಕೆಂಪು ಲ್ಯಾಕರ್ (ದ್ರಾವಕದ ನೆಲೆಯ, ಬೇಗ ಒಣಗುವ ಬಣ್ಣ) ಹೊಡೆದಾಗ ಅಲ್ಲಲ್ಲಿ ದುಂಡಗಿನ ಸಣ್ಣ ಗುಳಿಗಳು ಬಿದ್ದು, ಅವುಗಳ ತಳದಲ್ಲಿ ಪ್ಲಾಸ್ಟಿಕ್ ಕಾಣುತ್ತಿದೆ. ಮೇಲೆ ಇನ್ನೊಂದು ಪದರ ಹೊಡೆದರೂ ಮುಚ್ಚಲಿಲ್ಲ. ಬಣ್ಣವೇ ಕೆಟ್ಟಿದೆಯೇ?

ಉತ್ತರ: ಬಣ್ಣ ಕೆಟ್ಟಿಲ್ಲ. ಆ ಜಾಗಗಳಲ್ಲಿ ಎಣ್ಣೆಯ ಅಥವಾ ಸಿಲಿಕೋನಿನ ಅಂಶವಿದ್ದು, ಬಣ್ಣ ಅದನ್ನು ತೇವಗೊಳಿಸಲಾರದೆ ಹಿಂದೆ ಸರಿದಿದೆ. ಅಚ್ಚಿನಿಂದ ಭಾಗಗಳು ಸಲೀಸಾಗಿ ಬಿಡಲೆಂದು ಬಳಸುವ ದ್ರವ್ಯ, ಬೆರಳಿನ ಜಿಡ್ಡು, ಕಂಪ್ರೆಸರಿನಿಂದ ಗಾಳಿಯ ಜೊತೆ ಬರುವ ಎಣ್ಣೆಯ ಅಥವಾ ನೀರಿನ ಹನಿ, ಇವು ಮೂರೂ ಸಾಮಾನ್ಯ ಕಾರಣಗಳು. ಇಂಥ ಗುಳಿಯ ಮೇಲೆ ಮತ್ತಷ್ಟು ಬಣ್ಣ ಸುರಿದರೆ ಸುತ್ತಲಿನ ದಂಡೆ ಎತ್ತರವಾಗುತ್ತದೆಯೇ ಹೊರತು ಗುಳಿ ತುಂಬುವುದಿಲ್ಲ. ಬಣ್ಣ ಪೂರ್ತಿ ಒಣಗುವವರೆಗೆ ಕಾದು, 1000 ನಂಬರಿನ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ; ನಂಬರ್ ಹೆಚ್ಚಿದಷ್ಟೂ ನಯ) ಸಮಗೊಳಿಸಿ, ಪಾತ್ರೆ ತೊಳೆಯುವ ಸಾಬೂನು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಮೃದುವಾದ ಹಲ್ಲುಜ್ಜುವ ಬ್ರಶ್ಶಿನಿಂದ ಬಾಡಿಯನ್ನು ತಿಕ್ಕಿ ತೊಳೆಯಿರಿ. ನೀರು ಬಿಸಿಯಾಗಿರಬಾರದು, ಏಕೆಂದರೆ ಕಿಟಕಿಯ ತೆಳುವಾದ ಕಂಬಗಳು ಬಾಗುತ್ತವೆ. ಅಲ್ಲಿಂದ ಮುಂದೆ ಕೈಗವಸು ಹಾಕದೆ ಬಾಡಿಯನ್ನು ಮುಟ್ಟಬೇಡಿ. ಒಳಗಿನಿಂದ ಒಂದು ಹಿಡಿಕೆಗೆ ಅಂಟಿಸಿಕೊಂಡು, ಕೆಲಸ ಮುಗಿಯುವವರೆಗೂ ಆ ಹಿಡಿಕೆಯನ್ನೇ ಹಿಡಿಯಿರಿ. ಕಂಪ್ರೆಸರಿಗೂ ಏರ್‌ಬ್ರಶ್ಶಿಗೂ ನಡುವೆ ತೇವ ಹಿಡಿಯುವ ಬಟ್ಟಲು ಇಲ್ಲದಿದ್ದರೆ ಮೊದಲು ಅದನ್ನು ಜೋಡಿಸಿಕೊಳ್ಳಿ.

ಪ್ರಶ್ನೆ: ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ನಿಜವಾಗಿಯೂ ಬೇಕೇ? ಬೇಕಾದರೆ ಬೂದು, ಬಿಳಿ, ಗುಲಾಬಿ, ಕಪ್ಪುಗಳಲ್ಲಿ ಯಾವುದನ್ನು ಆರಿಸಬೇಕು?

ಉತ್ತರ: ಕಾರಿನ ಬಾಡಿಯ ಮೇಲೆ ಅದು ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣ ಹಿಡಿದುಕೊಳ್ಳಲು ನೆಲೆ ಕೊಡುವುದು ಅದರ ಒಂದು ಕೆಲಸವಾದರೆ, ನಿಮ್ಮ ಕೈಕೆಲಸದ ದೋಷಗಳನ್ನು ತೋರಿಸಿಕೊಡುವುದು ಅದಕ್ಕಿಂತ ದೊಡ್ಡ ಕೆಲಸ. ಬರಿಯ ಪ್ಲಾಸ್ಟಿಕ್ಕು ಬೆಳಕನ್ನು ತುಸು ಒಳಗೆ ಬಿಟ್ಟುಕೊಳ್ಳುವುದರಿಂದ ಅದರ ಮೇಲಿನ ಸಣ್ಣ ಏರುತಗ್ಗುಗಳು ಕಣ್ಣಿಗೆ ಬೀಳುವುದಿಲ್ಲ. ಬೂದು ಪ್ರೈಮರಿನ ಮಂಕು ಪದರ ಬಿದ್ದ ಕೂಡಲೇ ಎಲ್ಲವೂ ಬಯಲಾಗುತ್ತದೆ.

ಅದಕ್ಕೂ ಮೊದಲು ಅಚ್ಚಿನ ಗೆರೆಗಳನ್ನು ತೆಗೆಯಬೇಕು. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಏಳುವ ಈ ಸಣ್ಣ ಏಣು ಸಾಮಾನ್ಯವಾಗಿ ಮುಂದಿನ ಮಡ್‌ಗಾರ್ಡಿನ ನೆತ್ತಿಯಲ್ಲಿ, ಛಾವಣಿಯ ಕಂಬಗಳ ಉದ್ದಕ್ಕೂ, ಹಿಂದಿನ ಮೂಲೆಗಳಲ್ಲಿ ಹಾದುಹೋಗುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರನ್ನು ಅಡ್ಡಲಾಗಿ ಎಳೆದರೆ ತಡೆಯುತ್ತದೆ. ಬ್ಲೇಡಿನ ಬೆನ್ನಿನಿಂದ ಹೆರೆದು, 600ರಿಂದ 1000 ನಂಬರಿನವರೆಗಿನ ಕಾಗದದಿಂದ ನೀರು ಹಾಕಿ ಉಜ್ಜಿ. ದಪ್ಪ ಪ್ಲಾಸ್ಟಿಕ್ಕು ತಣಿಯುವಾಗ ಒಳಕ್ಕೆ ಎಳೆದುಕೊಂಡು ಉಂಟಾದ ತಗ್ಗುಗಳಿದ್ದರೆ ಪುಟ್ಟಿ ತುಂಬಿ. ಪುಟ್ಟಿ ಒಣಗುತ್ತ ಕುಗ್ಗುವುದರಿಂದ ಅದನ್ನು ಅವಸರದಲ್ಲಿ ಉಜ್ಜಬಾರದು; ಇಂದು ಸಮವಾಗಿ ಕಂಡ ಜಾಗ ಬಣ್ಣ ಹೊಡೆದ ಮೇಲೆ ಮತ್ತೆ ತಗ್ಗಾಗುತ್ತದೆ.

ಹಲವರು ಮರೆಯುವ ಇನ್ನೊಂದು ಕೆಲಸವೆಂದರೆ ಬಾಗಿಲು, ಬಾನೆಟ್ಟು, ಡಿಕ್ಕಿಗಳ ಅಂಚಿನ ಗೆರೆಗಳನ್ನು ಬಣ್ಣಕ್ಕೆ ಮೊದಲೇ ಆಳಗೊಳಿಸುವುದು. ಪ್ರೈಮರ್, ಬಣ್ಣ, ಕ್ಲಿಯರ್ (ಕೊನೆಯಲ್ಲಿ ಹೊಡೆಯುವ ಪಾರದರ್ಶಕ ಪದರ) ಎಲ್ಲ ಸೇರಿದಾಗ ಹಲವು ಪದರಗಳಾಗುತ್ತವೆ, ಅವೆಲ್ಲ ಆ ಗೆರೆಯೊಳಗೂ ಇಳಿಯುತ್ತವೆ. ಗೆರೆ ಕೊರೆಯುವ ಉಪಕರಣವನ್ನು ಒತ್ತದೆ, ಅದೇ ಹಾದಿಯಲ್ಲಿ ಹಗುರವಾಗಿ ಹಲವು ಸಲ ಎಳೆದರೆ ಸಾಕು. ಒತ್ತಿದರೆ ಅದು ದಾರಿ ತಪ್ಪಿ ಬಾಗಿಲಿನ ಮೇಲೆ ಹರಿಯುತ್ತದೆ.

ಪ್ರೈಮರುಗಳಲ್ಲಿ ಮಿಸ್ಟರ್ ಸರ್ಫೇಸರ್ ಎಂಬ ಹೆಸರಿನದರ ಮೇಲಿರುವ 1000, 1200, 1500 ಎಂಬ ಸಂಖ್ಯೆಗಳು ಪದರದ ನಯವನ್ನು ಸೂಚಿಸುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ನಯ ಹೆಚ್ಚು, ಗೀರು ತುಂಬುವ ಶಕ್ತಿ ಕಡಿಮೆ. ಉಜ್ಜಿದ ಗೀರುಗಳಿರುವ ಬಾಡಿಗೆ ಮೊದಲು 1000, ಕೊನೆಯ ಪದರಕ್ಕೆ 1500 ಎಂಬ ಕ್ರಮ ಚೆನ್ನಾಗಿ ಒದಗುತ್ತದೆ. ಇನ್ನು ಬಣ್ಣದ ಆಯ್ಕೆಗೆ ಬಂದರೆ, ಹಳದಿ ಮತ್ತು ಕೆಂಪು ವರ್ಣಗಳು ತಳವನ್ನು ಮುಚ್ಚುವುದರಲ್ಲಿ ದುರ್ಬಲವಾದ್ದರಿಂದ ಅವುಗಳ ಕೆಳಗೆ ಬಿಳಿ ಅಥವಾ ಗುಲಾಬಿ ಇರಲಿ. ಲೋಹದ ಹೊಳಪಿನ ಬಣ್ಣಗಳ ಕೆಳಗೆ ಕಪ್ಪು ಅಥವಾ ಬೂದು ಸರಿಹೊಂದುತ್ತದೆ. ಪ್ಲಾಸ್ಟಿಕ್ಕೇ ಕೆಂಪಾಗಿದ್ದು ನಿಮಗೆ ಬಿಳಿ ಕಾರು ಬೇಕಾದರೆ ಎಚ್ಚರಿಕೆ ಬೇಕು. ಲ್ಯಾಕರಿನ ದ್ರಾವಕ ಆ ಕೆಂಪನ್ನು ಕರಗಿಸಿ ಮೇಲಕ್ಕೆ ಎಳೆಯುವುದರಿಂದ ಬಿಳಿಯು ಗುಲಾಬಿ ಛಾಯೆಗೆ ತಿರುಗಬಹುದು. ನಡುವೆ ಬೆಳ್ಳಿ ಬಣ್ಣದ ಒಂದು ಪದರ ಹೊಡೆದರೆ ಅದು ತಡೆಗೋಡೆಯಾಗುತ್ತದೆ.

ಪ್ರಶ್ನೆ: ಬಣ್ಣಕ್ಕೆ ಥಿನ್ನರ್ (ಬಣ್ಣವನ್ನು ತೆಳುಮಾಡುವ ದ್ರವ) ಎಷ್ಟು ಬೆರೆಸಬೇಕು, ಗಾಳಿಯ ಒತ್ತಡ ಎಷ್ಟಿರಬೇಕು? ಎಲ್ಲರೂ ಬೇರೆ ಬೇರೆ ಲೆಕ್ಕ ಹೇಳುತ್ತಾರೆ.

ಉತ್ತರ: ಲೆಕ್ಕಗಳು ಬೇರೆಯಾಗುವುದು ಸಹಜ, ಏಕೆಂದರೆ ಬಾಟಲಿಯ ಬಣ್ಣವೇ ಒಂದೊಂದು ದಪ್ಪದಲ್ಲಿರುತ್ತದೆ. ಲ್ಯಾಕರಿಗೆ ಒಂದು ಪಾಲು ಬಣ್ಣಕ್ಕೆ ಒಂದರಿಂದ ಎರಡು ಪಾಲು ಥಿನ್ನರ್ ಎಂದು ಆರಂಭಿಸಿ, ಮುಂದಿನದನ್ನು ಕಣ್ಣಿನಿಂದ ನಿರ್ಧರಿಸಿ. ಬೆರೆಸಿದ ಬಣ್ಣವನ್ನು ಕಡ್ಡಿಯಿಂದ ಬಟ್ಟಲಿನ ಒಳಗೋಡೆಗೆ ಒಮ್ಮೆ ಬಳಿದು ನೋಡಿ: ಅದು ತಡೆಯಿಲ್ಲದೆ ಕೆಳಗೆ ಜಾರಿ, ಹಿಂದೆ ಗೋಡೆ ಕಾಣುವಷ್ಟು ತೆಳುವಾದ ಬಣ್ಣದ ಪೊರೆಯನ್ನು ಉಳಿಸಬೇಕು. ಪೊರೆ ಉಳಿಯದೆ ನೀರಿನಂತೆ ಹರಿದುಹೋದರೆ ಥಿನ್ನರ್ ಹೆಚ್ಚಾಗಿದೆ. ಅಲ್ಲೇ ನಿಧಾನವಾಗಿ ತೆವಳಿದರೆ ಇನ್ನೂ ಬೇಕು. ಬೆರೆಸುವ ಮುನ್ನ ಬಾಟಲಿಯ ತಳಕ್ಕೆ ಕುಳಿತ ವರ್ಣದ್ರವ್ಯವನ್ನೆಲ್ಲ ಕಡ್ಡಿಯಿಂದ ಎಬ್ಬಿಸಿ ಕಲಸಬೇಕು. ಹಳೆಯ ಬಾಟಲಿಯಾದರೆ ಸಣ್ಣ ಜಾಲರಿಯಲ್ಲಿ ಸೋಸಿಕೊಳ್ಳುವುದು ಒಳ್ಳೆಯದು.

ಯಾವ ಬಣ್ಣಕ್ಕೆ ಯಾವ ಥಿನ್ನರ್ ಎಂಬುದನ್ನು ಮಾತ್ರ ಊಹೆಗೆ ಬಿಡಬೇಡಿ. ವಲ್ಲೆಹೋ ಕಂಪನಿಯ ಬಗೆಯ ನೀರಿನ ಅಕ್ರಿಲಿಕ್‌ಗೆ ಲ್ಯಾಕರ್ ಥಿನ್ನರ್ ಹಾಕಿದರೆ ಅದು ಒಡೆದು ಗಟ್ಟಿಯಾಗಿ ನಾಝಲ್ಲನ್ನು (ಬಣ್ಣ ಹೊರಬರುವ ತುದಿಯ ರಂಧ್ರ) ಕಟ್ಟುತ್ತದೆ. ತಮಿಯಾ ಕಂಪನಿಯ ಅಕ್ರಿಲಿಕ್ ಮದ್ಯಸಾರದ ನೆಲೆಯದಾದ್ದರಿಂದ ತನ್ನದೇ ಥಿನ್ನರನ್ನೂ ಲ್ಯಾಕರ್ ಥಿನ್ನರನ್ನೂ ಒಪ್ಪಿಕೊಳ್ಳುತ್ತದೆ. ನಿಜವಾದ ಕಾರುಗಳಿಗೆ ಬಳಿಯುವ ಲ್ಯಾಕರಿನ ದ್ರಾವಕ ಬಹಳ ತೀಕ್ಷ್ಣ. ಪ್ರೈಮರಿನ ಕಾವಲಿಲ್ಲದೆ ಅದನ್ನು ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಮೇಲೆ ಹೊಡೆದರೆ ಪ್ಲಾಸ್ಟಿಕ್ಕಿನ ಮೈ ಬಿರುಕುಗಳಿಂದ ತುಂಬುತ್ತದೆ.

ಒತ್ತಡವು 15ರಿಂದ 20 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ದೂರ 10ರಿಂದ 15 ಸೆಂಟಿಮೀಟರ್, ನಾಝಲ್ 0.3 ಮಿಲಿಮೀಟರ್ ಇದ್ದರೆ ಬಾಡಿಯ ಕೆಲಸ ಆರಾಮವಾಗಿ ಸಾಗುತ್ತದೆ. ಕ್ಲಿಯರ್ ಹೊಡೆಯಲು 0.5 ಇನ್ನೂ ಅನುಕೂಲ. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಹೊಡೆತವನ್ನು ಬಾಡಿಯ ಆಚೆಯಿಂದ ಆರಂಭಿಸಿ ಬಾಡಿಯ ಆಚೆಗೇ ಮುಗಿಸಬೇಕು, ಏಕೆಂದರೆ ಗುಂಡಿ ಒತ್ತಿದ ಕ್ಷಣದಲ್ಲಿ ಹನಿ ಸಿಡಿಯುವುದುಂಟು. ಬಾಡಿಗೆ ಹೊಡೆಯುವ ಮುನ್ನ ಅದೇ ಮಿಶ್ರಣವನ್ನು ಪ್ರೈಮರ್ ಹೊಡೆದ ಒಂದು ಪ್ಲಾಸ್ಟಿಕ್ ಚಮಚದ ಉಬ್ಬಿದ ಬೆನ್ನಿನ ಮೇಲೆ ಪರೀಕ್ಷಿಸಿ. ಆ ಉಬ್ಬು ಮಡ್‌ಗಾರ್ಡಿನ ಉಬ್ಬಿಗೆ ಹತ್ತಿರವಿರುವುದರಿಂದ ಬಣ್ಣ ಎಲ್ಲಿ ಇಳಿಯಲು ತೊಡಗುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ.

ಪ್ರಶ್ನೆ: ಛಾವಣಿಯ ಮೇಲೆ ಬಣ್ಣ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದೆ. ಇನ್ನೊಂದು ಕಾರಿನ ಮೇಲೆ, ತೇವ ಹೆಚ್ಚಿದ್ದ ದಿನ, ಕಪ್ಪು ಬಣ್ಣ ಬಿಳಿ ಮಂಜು ಕಟ್ಟಿದಂತಾಯಿತು. ಎರಡಕ್ಕೂ ಒಂದೇ ಕಾರಣವೇ?

ಉತ್ತರ: ಕಾರಣ ಬೇರೆ, ಪರಿಹಾರ ಭಾಗಶಃ ಒಂದೇ. ತರಿ ಏಳುವುದು ಹನಿಗಳು ಪರಸ್ಪರ ಬೆರೆತು ಮಟ್ಟವಾಗುವ ಮೊದಲೇ ಒಣಗಿದಾಗ. ಬಣ್ಣ ದಪ್ಪವಾಗಿದ್ದರೆ, ಏರ್‌ಬ್ರಶ್ ದೂರವಿದ್ದರೆ, ಒತ್ತಡ ಅತಿಯಾಗಿದ್ದರೆ ಅಥವಾ ಕೋಣೆ ಬಿಸಿಯಾಗಿದ್ದರೆ ಹೀಗಾಗುತ್ತದೆ. ಬಣ್ಣ ಸೋರೀತೆಂಬ ಭಯದಿಂದ ದೂರದಿಂದ ತೆಳುವಾಗಿ ಎರಚುವವರಿಗೇ ಇದು ಹೆಚ್ಚು ಕಾಡುತ್ತದೆ. ಮೊದಲ ಒಂದೆರಡು ಪದರಗಳು ತೆಳುವಾಗಿರಲಿ. ಅನಂತರದ ಪದರ, ದೀಪವನ್ನು ಓರೆಯಾಗಿ ಹಿಡಿದು ನೋಡಿದಾಗ, ಬ್ರಶ್ಶಿನ ಹಿಂದೆಯೇ ಒದ್ದೆಯ ಹೊಳಪು ಸಾಗಿಬರುವಷ್ಟು ತುಂಬಿರಬೇಕು.

ಮಂಜಿನ ವಿಷಯ ಹೀಗೆ. ಲ್ಯಾಕರಿನ ದ್ರಾವಕ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅಲ್ಲಿ ಇಬ್ಬನಿಯಾಗಿ ಇಳಿದು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಒಣಗುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಇರುವ ಲೆವೆಲಿಂಗ್ ಥಿನ್ನರ್ ಎರಡೂ ತೊಂದರೆಗಳನ್ನು ತಗ್ಗಿಸುತ್ತದೆ. ಈಗಾಗಲೇ ಬಿಳುಪೇರಿದ ಜಾಗಕ್ಕೆ ಅದೇ ಥಿನ್ನರನ್ನು ಬಣ್ಣವಿಲ್ಲದೆ, ಮಂಜಿನಷ್ಟು ತೆಳುವಾಗಿ ಹೊಡೆದರೆ ಪದರ ಮತ್ತೆ ಸಡಿಲಗೊಂಡು ತೇವ ಹೊರಹೋಗುವುದುಂಟು. ಆದರೂ ಅಂಥ ದಿನ ಲ್ಯಾಕರ್ ಹೊಡೆಯದಿರುವುದೇ ಮೇಲು. ಆ ದಿನವನ್ನು ಎಂಜಿನ್ನಿಗೋ ಸೀಟುಗಳಿಗೋ ಕೊಡಿ.

ಪ್ರಶ್ನೆ: ಬೆಳ್ಳಿ ಬಣ್ಣ ಮೋಡ ಕವಿದಂತೆ ಕಲೆಕಲೆಯಾಗಿ ಕಾಣುತ್ತದೆ. ಉಜ್ಜಿ ಸರಿಪಡಿಸಬಹುದೇ?

ಉತ್ತರ: ಉಜ್ಜಬೇಡಿ. ಲೋಹದ ಬಣ್ಣದಲ್ಲಿರುವ ಚೂರುಗಳು ಮಲಗಿರುವ ದಿಕ್ಕಿನಿಂದಲೇ ಅದರ ಹೊಳಪು ಬರುತ್ತದೆ. ಉಜ್ಜಿದ ಜಾಗದಲ್ಲಿ ಆ ಚೂರುಗಳು ಕತ್ತರಿಸಿಹೋಗಿ ಕಪ್ಪು ಕಲೆ ಉಳಿಯುತ್ತದೆ. ಪದರ ಅತಿ ಒದ್ದೆಯಾದಾಗ ಚೂರುಗಳು ತೇಲಿ ಗುಂಪುಗೂಡುತ್ತವೆ, ಮೋಡದಂಥ ಕಲೆ ಅದೇ. ಬಣ್ಣವನ್ನು ಇನ್ನಷ್ಟು ತೆಳುಮಾಡಿ, ತುಸು ದೂರದಿಂದ, ಒಂದೇ ವೇಗದಲ್ಲಿ, ಒಮ್ಮೆ ಉದ್ದಕ್ಕೂ ಒಮ್ಮೆ ಅಡ್ಡಕ್ಕೂ ಹಗುರವಾದ ಪದರಗಳನ್ನು ಹೊಡೆಯಿರಿ. ಬಾನೆಟ್ಟು ಬೇರೆ ಭಾಗವಾಗಿದ್ದರೆ ಅದನ್ನು ಬಾಡಿಯ ಮೇಲೆ ಅದರ ಜಾಗದಲ್ಲೇ ಕೂರಿಸಿ ಹೊಡೆಯದಿದ್ದರೆ ಎರಡರ ಛಾಯೆ ಬೇರೆಯಾಗಿ ಕಾಣುತ್ತದೆ. ಹೊಳಪನ್ನು ಕೊಡುವುದು ಕ್ಲಿಯರಿನ ಕೆಲಸ, ಬೆಳ್ಳಿಯಿಂದ ಅದನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ಎರಡು ಬಣ್ಣದ ಕಾರಿನಲ್ಲಿ ಟೇಪಿನ ಕೆಳಗೆ ಬಣ್ಣ ನುಸುಳುತ್ತದೆ.

ಉತ್ತರ: ಟೇಪಿನ ಅಂಚನ್ನು ಮರದ ಕಡ್ಡಿಯಿಂದ ಚೆನ್ನಾಗಿ ತೀಡಿ, ಮೊದಲು ತಳದ ಬಣ್ಣವನ್ನೇ ಆ ಅಂಚಿಗೆ ತೆಳುವಾಗಿ ಹೊಡೆಯಿರಿ. ನುಸುಳಬೇಕಾದದ್ದು ಆ ಬಣ್ಣವೇ ಆದ್ದರಿಂದ ಕಾಣುವುದಿಲ್ಲ, ಸಂದೂ ಮುಚ್ಚುತ್ತದೆ. ಎರಡನೆಯ ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ.

ಪ್ರಶ್ನೆ: ಡೆಕಾಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರದ ಪೊರೆಗಳು) ಮೇಲೆ ಕ್ಲಿಯರ್ ಹೊಡೆದಾಗ ಅವು ಸುಕ್ಕುಗಟ್ಟಿದವು. ಪಾಲಿಶ್ ಮಾಡುವಾಗ ಅಂಚುಗಳಲ್ಲಿ ಪ್ರೈಮರ್ ಕಾಣಿಸಿತು. ಇದನ್ನು ತಪ್ಪಿಸುವುದು ಹೇಗೆ?

ಉತ್ತರ: ಎರಡೂ ಅವಸರದ ಫಲಗಳು. ಡೆಕಾಲ್ ಕೆಳಗಿನ ನೀರು ಪೂರ್ತಿ ಆರಲು ಒಂದು ದಿನವಾದರೂ ಬಿಡಿ. ಲ್ಯಾಕರ್ ಕ್ಲಿಯರಿನ ದ್ರಾವಕ ಡೆಕಾಲನ್ನು ಕರಗಿಸಬಲ್ಲದು, ಆದ್ದರಿಂದ ಮೊದಲ ಪದರಗಳು ಮೇಲ್ಮೈಯನ್ನು ತೋಯಿಸದಷ್ಟು ಒಣವಾಗಿರಲಿ. ಅವುಗಳ ಮೇಲೆ ಮಾತ್ರ ಒದ್ದೆಯ ಪದರ ಬರಲಿ.

ಪಾಲಿಶಿಗೆ ಮುನ್ನ ಬಾಡಿಯನ್ನು ಮೂಗಿನ ಬಳಿ ಹಿಡಿದು ನೋಡಿ. ದ್ರಾವಕದ ವಾಸನೆ ಇನ್ನೂ ಬರುತ್ತಿದ್ದರೆ ಪದರ ಕುಗ್ಗುತ್ತಲೇ ಇದೆ ಎಂದರ್ಥ, ಅಂದು ಉಜ್ಜಿದ ನಯ ಮುಂದೆ ಮಾಸುತ್ತದೆ. ವಾಸನೆ ಹೋದ ಮೇಲೆ 2000 ಅಥವಾ 3000 ನಂಬರಿನಿಂದ ತೊಡಗಿ, ಹಿಂದಿನ ಕಾಗದದ ಗೀರು ಅಳಿಯುವವರೆಗೆ ಪ್ರತಿ ಹಂತವನ್ನೂ ನೀರಿನಲ್ಲಿ ಮುಗಿಸಿ, ಆಮೇಲೆ ಪಾಲಿಶಿಂಗ್ ಕಾಂಪೌಂಡಿಗೆ ಬನ್ನಿ. ಏಣುಗಳ ಮೇಲೆ ಬಣ್ಣ ತಾನಾಗಿಯೇ ತೆಳುವಾಗಿ ನಿಲ್ಲುವುದರಿಂದ, ಬಾಗಿಲಿನ ಅಂಚು ಮತ್ತು ಮಡ್‌ಗಾರ್ಡಿನ ಏಣುಗಳಿಗೆ ಸಣ್ಣ ಟೇಪು ಅಂಟಿಸಿಕೊಂಡು ಉಜ್ಜಿ. ಕೊನೆಗೆ ಟೇಪು ತೆಗೆದು ಅಲ್ಲಿ ಕಾಂಪೌಂಡನ್ನಷ್ಟೇ ಬೆರಳಿನಿಂದ ಆಡಿಸಿದರೆ ಸಾಕು.

ಪ್ರಶ್ನೆ: ಬಟ್ಟೆಯ ಮಾಸ್ಕ್ ಕಟ್ಟಿಕೊಂಡು, ಕಿಟಕಿ ತೆರೆದಿಟ್ಟು ಹೊಡೆಯುತ್ತೇನೆ. ಇಷ್ಟು ಸಾಲದೇ?

ಉತ್ತರ: ಸಾಲದು. ಬಟ್ಟೆಯಾಗಲಿ ಕಾಗದವಾಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಮಾಡಿದ ಕಾರ್ಟ್ರಿಡ್ಜ್ ಮತ್ತು ಕಣ ಸೋಸುವ ಫಿಲ್ಟರ್ ಎರಡೂ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ ಬೇಕು. ಗಾಳಿಯನ್ನು ಮನೆಯ ಹೊರಕ್ಕೆ ಒಯ್ಯುವ ಸ್ಪ್ರೇ ಬೂತ್ ಬೇಕು. ನೀರಿನ ಅಕ್ರಿಲಿಕ್ ಬಳಸುವವರಿಗೂ ಕಣದ ಫಿಲ್ಟರ್ ತಪ್ಪದು. ಎರಡು ದ್ರವಗಳನ್ನು ಬೆರೆಸುವ 2ಕೆ ಯುರೆಥೇನ್ ಕ್ಲಿಯರಿನ ಹೊಳಪಿಗೆ ಮನಸೋಲುವವರು ಅನೇಕರು. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಆಸ್ತಮಾ ತರಬಲ್ಲದು, ಕಾರ್ಟ್ರಿಡ್ಜಿನ ಶಕ್ತಿ ಮುಗಿದದ್ದನ್ನು ವಾಸನೆಯಿಂದ ತಿಳಿಯಲೂ ಆಗದು. ಮನೆಯಲ್ಲಿ ಕೆಲಸ ಮಾಡುವವರು ಅದನ್ನು ಬಿಟ್ಟು ಒಂದೇ ದ್ರವದ ಲ್ಯಾಕರ್ ಕ್ಲಿಯರನ್ನೇ ಪಾಲಿಶ್ ಮಾಡಲಿ ಎಂದು ಒತ್ತಿ ಹೇಳುತ್ತೇನೆ.

ಪ್ರಶ್ನೆ: ಬಣ್ಣ ಪೂರ್ತಿ ಹಾಳಾಗಿದೆ. ಬಾಡಿಯನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಬಹುತೇಕ ಉಳಿಸಿಕೊಳ್ಳಬಹುದು. ಅಕ್ರಿಲಿಕ್ ಮತ್ತು ಅನೇಕ ಮಾದರಿ ಲ್ಯಾಕರುಗಳು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆದು ಸಡಿಲಗೊಳ್ಳುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ, ಬೆಂಕಿಯಿಂದ ದೂರ ಇಟ್ಟು, ಆಗಾಗ ತೆಗೆದು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ಅದೇ ಕಿಟ್ಟಿನ ಚೌಕಟ್ಟಿನ ತುಂಡೊಂದನ್ನು ಮೊದಲು ನೆನೆಸಿ, ಪ್ಲಾಸ್ಟಿಕ್ಕು ಪೆಡಸಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಲ್ಯಾಕರ್ ಥಿನ್ನರಿನಲ್ಲಿ ಮಾತ್ರ ಎಂದೂ ಅದ್ದಬೇಡಿ, ಬಣ್ಣದ ಜೊತೆ ಬಾಡಿಯೂ ಕರಗುತ್ತದೆ. ಪ್ರೈಮರ್ ಗಟ್ಟಿಯಾಗಿ ಉಳಿದುಕೊಂಡು ಸಮವಾಗಿದ್ದರೆ ಅದನ್ನು ಕೀಳುವ ಅಗತ್ಯವಿಲ್ಲ. ತೊಳೆದು, ಒಣಗಿಸಿ, 1500 ನಂಬರಿನ ಕಾಗದವನ್ನು ಒಮ್ಮೆ ಹಗುರವಾಗಿ ಆಡಿಸಿ ಅದರ ಮೇಲೆಯೇ ಹೊಸ ಬಣ್ಣ ಆರಂಭಿಸಬಹುದು.