ಪತ್ರದ ಕೊನೆಯ ನಾಲ್ಕು ಸಾಲು ಇಲ್ಲಿ ಅಚ್ಚಾಗಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಾವು ತುಮಕೂರು ತಾಲ್ಲೂಕಿನ ಹಳ್ಳಿಯವರು. ನಮ್ಮ ಸಂಘದಲ್ಲಿ 11 ಜನ ಹೆಂಗಸರಿದ್ದೇವೆ. ಸುಗ್ಗಿಯಲ್ಲಿ ವ್ಯಾಪಾರಿಗಳಿಂದ ಹುಣಸೆಹಣ್ಣು ತಂದು ಮನೆಯಲ್ಲೇ ಕೂತು ಸಿಪ್ಪೆ, ನಾರು, ಬೀಜ ಬಿಡಿಸಿ ಕೊಡುತ್ತೇವೆ. ಕೆಜಿ ಲೆಕ್ಕದ ಕೂಲಿ. ಈ ಸಲ ನಾವೇ ರೈತರಿಂದ ಹಣ್ಣು ಕೊಂಡು, ಯಾರ ಮನೆಗೆ ಎಷ್ಟು ಅಂತ ವಾಟ್ಸಾಪ್ ಗ್ರೂಪಲ್ಲಿ ಹಂಚಿಕೊಂಡು, ಬಿಡಿಸಿದ ಹಣ್ಣನ್ನು ಅರ್ಧ ಕೆಜಿ ಡಬ್ಬಿ ಮಾಡಿ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೇರವಾಗಿ ಮಾರಬೇಕು ಅಂತಿದ್ದೇವೆ. ‘ತುಮಕೂರು ಹುಣಸೆ’ ಅಂತ ಹೆಸರು. ಈ ಐಡಿಯಾ ಬೇರೆಯವರು ಕದಿಯದ ಹಾಗೆ ಪೇಟೆಂಟ್ ಮಾಡಿಸಬಹುದಾ? ಒಬ್ಬರು ಪೂರ್ತಿ ಬಿಸಿನೆಸ್‌ಗೇ ಮಾಡಿಸಿಕೊಡ್ತೀನಿ, 60,000 ಆಗುತ್ತೆ ಅಂದಿದ್ದಾರೆ. ಇನ್ನೊಂದು ವಿಷಯ. ನನ್ನ ಮೈದುನ ಬೀಜ ಬಿಡಿಸೋಕೆ ಒಂದು ಸಣ್ಣ ಸಾಧನ ಮಾಡಿಕೊಟ್ಟಿದ್ದಾನೆ. ಹಣ್ಣು ಚೂರಾಗಲ್ಲ. ಮಗಳು ಅದರ ವಿಡಿಯೋ ಸ್ಟೇಟಸ್‌ಗೆ ಹಾಕಿದ್ದಳು, ಈಗ ಎಲ್ಲರೂ ಕೇಳ್ತಿದ್ದಾರೆ…
(ಹೆಸರು, ಊರು ಬೇಡ)

ಉತ್ತರ: ಅಮ್ಮಾ, ನಿಮ್ಮ ಪತ್ರ ಇಲ್ಲಿಗೆ ಮುಗಿದಿರಲಿಲ್ಲ. ಆ ಸಾಧನ ಹೇಗೆ ಕೆಲಸ ಮಾಡುತ್ತೆ ಅಂತ ಇನ್ನೂ ನಾಲ್ಕು ಸಾಲು ಬರೆದಿದ್ದಿರಿ. ಅದನ್ನು ನಾನು ಬೇಕಂತಲೇ ತೆಗೆದಿದ್ದೇನೆ. ಆ ನಾಲ್ಕು ಸಾಲು ಈ ಪುಟದಲ್ಲಿ ಅಚ್ಚಾಗಿದ್ದರೆ ಅದು ಊರಿಗೆಲ್ಲ ಗೊತ್ತಾದ ವಿಷಯ ಆಗುತ್ತಿತ್ತು. ಊರಿಗೆಲ್ಲ ಗೊತ್ತಾದದ್ದಕ್ಕೆ ಪೇಟೆಂಟ್ ಇಲ್ಲ. ನೀವು ‘ಇನ್ನೊಂದು ವಿಷಯ’ ಅಂತ ಕೊನೆಗೆ ಹೇಳಿದಿರಲ್ಲ, ನಿಮ್ಮ ಆಸ್ತಿ ಇರೋದೇ ಅದರಲ್ಲಿ.

ಮೊದಲು ಆ 60,000ದ ಮಾತು ಮುಗಿಸಿಬಿಡೋಣ. ಕೊಡಬೇಡಿ. ವ್ಯಾಪಾರ ಮಾಡುವ ರೀತಿಗೆ ನಮ್ಮ ದೇಶದಲ್ಲಿ ಪೇಟೆಂಟ್ ಸಿಗುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತೆ. ರೈತರಿಂದ ಕೊಳ್ಳೋದು, ಮನೆಮನೆಗೆ ಹಂಚೋದು, ಡಬ್ಬಿ ಮಾಡಿ ಮಾರೋದು ಒಳ್ಳೆಯ ಯೋಚನೆ. ಆದರೆ ನಾಳೆ ಪಕ್ಕದ ಊರಿನವರೂ ಹಾಗೇ ಮಾಡಬಹುದು, ಕಾನೂನು ತಡೆಯಲ್ಲ. ಆಗಲ್ಲ ಅಂತ ಗೊತ್ತಿದ್ದೂ ದುಡ್ಡು ಕೇಳುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಬೆರಳ ಸಂದಿ ಕಪ್ಪಾಗುವ ತನಕ ಹಣ್ಣು ಬಿಡಿಸಿ ಕೂಡಿಟ್ಟ ದುಡ್ಡು ಅದು. ಯಾರ ಹತ್ತಿರ ಹೋದರೂ ಪೇಟೆಂಟ್ ಏಜೆಂಟ್ ನೋಂದಣಿ ಸಂಖ್ಯೆ ಕೇಳಿ. ಹೀಗೆ ನೋಂದಾಯಿಸಿಕೊಂಡು ಅರ್ಜಿ ಹಾಕಿಕೊಡುವ ಏಜೆಂಟರ ಪಟ್ಟಿ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲೇ ಇದೆ.

ಈಗ ಸಾಧನದ ಮಾತು. ಇಲ್ಲಿ ನಮ್ಮಪ್ಪನ ವಿಷಯ ಹೇಳಲೇಬೇಕು. ಅವರು ಗುಬ್ಬಿಯಲ್ಲಿ ಲೇತ್ ಇಟ್ಟುಕೊಂಡಿದ್ದರು. ತೆಂಗಿನಕಾಯಿ ಸುಲಿಯೋಕೆ ಕಾಲಲ್ಲಿ ತುಳಿಯುವ ಯಂತ್ರ ಮಾಡಿದರು. ಹಲ್ಲುಗಳ ನಡುವೆ ಎಷ್ಟು ಸಂದು ಬಿಟ್ಟರೆ ಕಾಯಿ ಒಡೆಯದೆ ಸಿಪ್ಪೆ ಮಾತ್ರ ಕಚ್ಚುತ್ತೆ ಅಂತ ಕಂಡುಕೊಳ್ಳಲು ಎರಡು ವರ್ಷ ಹಿಡಿಯಿತು. ಸಿದ್ಧಗಂಗೆ ಜಾತ್ರೆಯ ವಸ್ತುಪ್ರದರ್ಶನಕ್ಕೆ ಅದನ್ನು ತಂದಿಟ್ಟರು. ಒಬ್ಬರು ಮೂರು ದಿನ ಬಂದು, ತುಳಿದು ನೋಡಿ, ಗೇಣು ಹಾಕಿ ಅಳೆದು ಹೋದರು. ಅಪ್ಪನಿಗೋ ಖುಷಿ, ಟೀ ಬೇರೆ ಕುಡಿಸಿದರು. ಮರುವರ್ಷದ ಜಾತ್ರೆಯಲ್ಲಿ ಅದೇ ಯಂತ್ರ ಇನ್ನೊಂದು ಮಳಿಗೆಯಲ್ಲಿತ್ತು. ಬಣ್ಣ ಮಾತ್ರ ಹಸಿರು. ಅಪ್ಪ ಹತ್ತಿರ ಹೋಗಿ ಹಲ್ಲುಗಳ ಸಂದಿನಲ್ಲಿ ಕಿರುಬೆರಳು ಇಟ್ಟು ನೋಡಿದರು. ಅಷ್ಟೇ ಸಂದು. ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡು ಆಚೆ ಬಂದರು. ಆಮೇಲೆ ವಕೀಲರನ್ನು ಕೇಳಿದರೆ, ಅರ್ಜಿ ಹಾಕದೆ ಎಲ್ಲರಿಗೂ ತೋರಿಸಿದ ಮೇಲೆ ಮುಗೀತು ಅಂದರು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನವಾದರೆ, ತೋರಿಸಿದ ಮೇಲೂ ಅರ್ಜಿ ಹಾಕಲು 12 ತಿಂಗಳ ವಿನಾಯಿತಿ ಇದೆ. ಎಲ್ಲ ಜಾತ್ರೆ, ಮೇಳಕ್ಕೂ ಅದು ಸಿಗಲ್ಲ. ನಾನು ಪೇಟೆಂಟ್ ಸಲಹೆ ಕೊಡುವ ಈ ಕೆಲಸಕ್ಕೆ ಬಂದದ್ದೇ ಆ ಹಸಿರು ಯಂತ್ರದಿಂದ.

ಅದಕ್ಕೇ ನಿಮಗೆ ಹೇಳೋದು, ಇವತ್ತಿಂದಲೇ ತೋರಿಸೋದು ನಿಲ್ಲಿಸಿ. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತೆ, ನೋಡಿದವರ ಫೋನಲ್ಲಿ ಉಳಿದಿರಬಹುದು. ಆ ವಿಡಿಯೋವನ್ನು ನೀವೇ ಕೂತು ಇನ್ನೊಮ್ಮೆ ನೋಡಿ. ಹಣ್ಣು ಹೋಗೋದು, ಬೀಜ ಬೀಳೋದು ಮಾತ್ರ ಕಾಣುತ್ತಾ, ಇಲ್ಲ ಒಳಗಿನ ಭಾಗವೂ ಕಾಣುತ್ತಾ? ಒಳಗಿನದು ಕಾಣದಿದ್ದರೆ ಧೈರ್ಯವಾಗಿರಿ, ದಾರಿ ಇದೆ. ಕಂಡರೂ ಏಜೆಂಟ್ ಹತ್ತಿರ ಮುಚ್ಚಿಡಬೇಡಿ. ಮಗಳನ್ನು ಬೈಬೇಡಿ, ಪಾಪ, ಚಿಕ್ಕಪ್ಪನ ಮೇಲಿನ ಹೆಮ್ಮೆಗೆ ಹಾಕಿದ್ದಾಳೆ. ಸಂಘದ ಹೆಂಗಸರು ಬಳಸುವುದಾದರೆ, ಹೊರಗೆ ಹೇಳುವುದಿಲ್ಲ ಅಂತ ಒಂದು ಹಾಳೆಯಲ್ಲಿ ಎಲ್ಲರ ಸಹಿ ತೆಗೆದುಕೊಳ್ಳಿ.

ಹುಣಸೆ ಬೀಜ ಬಿಡಿಸುವ ಯಂತ್ರಗಳು ಈಗಾಗಲೇ ಇವೆ. ನಿಮ್ಮದು ಅವುಗಳಿಗಿಂತ ಹೊಸದಾಗಿರಬೇಕು, ಆ ಕೆಲಸ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು. ಗೊತ್ತಿರುವ ಎರಡು ಉಪಕರಣ ತಂದು ಸುಮ್ನೆ ಜೋಡಿಸಿದ್ದು, ಎರಡೂ ತಮ್ಮ ತಮ್ಮ ಹಳೇ ಕೆಲಸವನ್ನೇ ಮಾಡುತ್ತಿವೆ ಅಂದರೆ ಪೇಟೆಂಟ್ ಸಿಗಲ್ಲ. ನಿಮ್ಮ ಆ ನಾಲ್ಕು ಸಾಲಿನಲ್ಲಿ ಮೂರನೆಯದನ್ನು ಓದಿದಾಗ ನನಗೆ ಹೊಸದು ಅನ್ನಿಸಿತು. ನನಗೆ ಅನ್ನಿಸಿದರೆ ಸಾಲದು, ಹುಡುಕಬೇಕು. ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ‘ಇನ್‌ಪಾಸ್’ ಅನ್ನುವ ಹುಡುಕಾಟದ ಪುಟ ಇದೆ, ಬಿಟ್ಟಿ. ಕಾಲೇಜಿನ ಹುಡುಗರ ಕೈಲಿ ಟ್ಯಾಮರಿಂಡ್ ಅಂತ ಇಂಗ್ಲಿಷಿನಲ್ಲಿ ಹುಡುಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಅವರ ಪೇಟೆಂಟ್ ಮಾಹಿತಿ ಕೇಂದ್ರದಲ್ಲೂ ಕೇಳಬಹುದು.

ಅರ್ಜಿ ಯಾರ ಹೆಸರಲ್ಲಿ? ಮನೆಗಳಲ್ಲಿ ಮನಸ್ತಾಪ ಶುರುವಾಗೋದು ಇಲ್ಲೇ. ಮಾಡಿದ್ದು ಮೈದುನ. ಆದ್ದರಿಂದ ಆವಿಷ್ಕಾರ ಮಾಡಿದವನು ಅಂತ ಅವನ ಹೆಸರೇ ಇರಬೇಕು. ನೀವು ಸಂಘದ ಅಧ್ಯಕ್ಷೆ ಅಂತಲೋ, ದುಡ್ಡು ಹಾಕಿದಿರಿ ಅಂತಲೋ ಆ ಜಾಗದಲ್ಲಿ ನಿಮ್ಮ ಹೆಸರು ಹಾಕಿಸಿದರೆ, ಮುಂದೆ ಅದೇ ಕಾರಣಕ್ಕೆ ಪೇಟೆಂಟ್ ಬಿದ್ದುಹೋಗಬಹುದು. ಹಕ್ಕನ್ನು ಅವನು ನಿಮಗೆ ಬರೆದುಕೊಡಬಹುದು, ಅದು ಬೇರೆ ಕಾಗದ. ಏನು ಕೊಟ್ಟು ಬರೆಸಿಕೊಳ್ಳುತ್ತೀರಿ ಅನ್ನೋದನ್ನು ಈಗಲೇ, ಎಲ್ಲರೂ ನಗುನಗುತ್ತಾ ಇರುವಾಗಲೇ ಕೂತು ಮಾತಾಡಿ. ಡಬ್ಬಿಗೆ ಇಷ್ಟು ರೂಪಾಯಿ ಅಂತಲಾದರೂ ಆಗಲಿ, ಬಾಯಿಮಾತಲ್ಲಿ ಬಿಡಬೇಡಿ.

ಖರ್ಚು ನೀವು ಹೆದರಿದಷ್ಟಿಲ್ಲ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಆನ್‌ಲೈನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಸರ್ಕಾರದ ಶುಲ್ಕ ₹1,600. ಸಾಧನ ಇನ್ನೂ ತಿದ್ದೋದಿದೆ ಅಂತ ಆ ನಾಲ್ಕು ಸಾಲಿನಲ್ಲಿ ಬರೆದಿದ್ದೀರಿ. ಹಾಗಾದರೆ ಮೊದಲು ತಾತ್ಕಾಲಿಕ ಅರ್ಜಿ ಹಾಕಿ. ಆ ತಾರೀಖು ನಿಮ್ಮದಾಗುತ್ತೆ, ಆಮೇಲೆ ಬೇರೆಯವರು ಹಾಕಿದರೂ ನೀವೇ ಮೊದಲು. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತೆ. ಆದರೆ ‘ತಾತ್ಕಾಲಿಕ’ ಅಂತ ಅರೆಬರೆ ಬರೆಯಬೇಡಿ, ಬರೆದಷ್ಟಕ್ಕೇ ಆ ತಾರೀಖು. ಅರ್ಜಿಯನ್ನು ಪರೀಕ್ಷಿಸಿ ಅಂತ ಕಚೇರಿಗೆ ಬೇರೆ ಕೋರಿಕೆ ಕೊಡಬೇಕು, ಅದಕ್ಕೆ ₹4,000, ಮೊದಲ ಅರ್ಜಿ ಹಾಕಿದ ತಾರೀಖಿನಿಂದ 31 ತಿಂಗಳೊಳಗೆ. ಏಜೆಂಟ್ ಫೀ ಬೇರೆ. ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ಮೂರನೇ ವರ್ಷದಿಂದ ವರ್ಷ ವರ್ಷ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ಇದೆಲ್ಲ ತಿಂಗಳಲ್ಲಿ ಆಗುವ ಕೆಲಸ ಅಲ್ಲ, ವರ್ಷಗಳು ಹಿಡಿಯುತ್ತೆ.

ಡಬ್ಬಿಯ ಹೆಸರಿಗೆ ಬೇಕಾದದ್ದು ಪೇಟೆಂಟ್ ಅಲ್ಲ, ಟ್ರೇಡ್‌ಮಾರ್ಕ್. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನಲ್ಲಿ ಹಾಕಿದರೆ ₹4,500 ಶುಲ್ಕ, ಹತ್ತತ್ತು ವರ್ಷಕ್ಕೆ ನವೀಕರಣ. ‘ತುಮಕೂರು ಹುಣಸೆ’ ಅನ್ನೋದು ಬರೀ ಊರು ಮತ್ತು ಸರಕಿನ ಹೆಸರು, ಅದನ್ನು ನಿಮಗೊಬ್ಬರಿಗೇ ಬರೆದುಕೊಡುವುದು ಕಷ್ಟ. 11 ಜನ ಸೇರಿ ಬೇರೆ ಹೆಸರು ಹುಡುಕಿ.

ಹಣ್ಣು ಬಡಿಯುವ ಕಾಲ ಬರುವುದರೊಳಗೆ ಅರ್ಜಿ ಹೋಗಿರಲಿ, ಸುಗ್ಗಿ ಶುರುವಾದರೆ ನಿಮ್ಮ ಮನೆಗೆ ನೂರು ಜನ ಬಂದು ಹೋಗುತ್ತಾರೆ. ಏಜೆಂಟ್ ಹತ್ತಿರ ಹೋಗುವಾಗ ಮೈದುನನನ್ನು ಕರೆದುಕೊಂಡು ಹೋಗಿ. ಸಾಧನವನ್ನು ಗೋಣಿಚೀಲದಲ್ಲಿ ಸುತ್ತಿಕೊಳ್ಳಿ. ಮೊದಲು ಮಾಡಿದ್ದು ಹಣ್ಣನ್ನೆಲ್ಲ ಚೂರು ಮಾಡಿತು ಅಂತ ಆ ಅಚ್ಚಾಗದ ಸಾಲುಗಳಲ್ಲಿ ಬರೆದಿದ್ದಿರಲ್ಲ, ಆ ಕೆಟ್ಟುಹೋದ ಭಾಗಗಳನ್ನು ಗುಜರಿಗೆ ಹಾಕಿಲ್ಲ ಅಂದರೆ ಅವನ್ನೂ ಜೊತೆಗೆ ಕಟ್ಟಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅವನು ಏನು ಬದಲಾಯಿಸಿದ ಅಂತ ಬರೆಯೋಕೆ ಆಗೋದು.