ಆ ನಾಣ್ಯದ ಮೇಲಿನ ನಾಯಿ ಯಾರದು?

ಕಳೆದ ಸಂಚಿಕೆಯಲ್ಲಿ ಒಂದು ರೋಮನ್ ಬೆಳ್ಳಿ ನಾಣ್ಯದ ಚಿತ್ರ ಹಾಕಿ, ಕೆಳಗೆ 'ಕುರಿ ಕಾಯುವವನು ಮತ್ತು ಅವನ ನಾಯಿ' ಎಂದು ಬರೆದಿದ್ದೆವು. 'ದೇವರನ್ನು ಬಿಟ್ಟು ಕುರಿ ಕಾಯುವವನನ್ನು ದುಡ್ಡಿನ ಮೇಲೆ ಯಾಕೆ ಹಾಕಿದರು? ಬೆಂಗಳೂರಿನಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲೂ ಇಂಥದ್ದು ಇದೆಯಾ?' ಎಂದು ನೀವು ಕೇಳಿದ್ದೀರಿ.

ತಪ್ಪು ನಮ್ಮದು, ಕ್ಷಮಿಸಿ. ಅವನು ಯುಲಿಸಿಸ್, ಅಂದರೆ ಗ್ರೀಕರ ಒಡಿಸ್ಸಿಯಸ್. ಟ್ರಾಯ್ ಯುದ್ಧಕ್ಕೆ ಹೋದವನು 20 ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಕಂಡ ಕೂಡಲೇ ಗುರುತು ಹಿಡಿದದ್ದು ಅವನ ಮುದಿ ನಾಯಿ ಆರ್ಗಸ್. ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಅದು ತಿಪ್ಪೆಯ ಮೇಲೆ ಬಿದ್ದಿರುತ್ತದೆ, ಮೈತುಂಬಾ ಉಣುಗು. ಬಾಲ ಅಲ್ಲಾಡಿಸುತ್ತದೆ, ಹತ್ತಿರ ಬರಲು ಶಕ್ತಿಯಿಲ್ಲ. ಒಡೆಯನನ್ನು ನೋಡಿ ಪ್ರಾಣ ಬಿಡುತ್ತದೆ.

ಈಗ ನಾಣ್ಯವನ್ನು ಮತ್ತೆ ನೋಡಿ. ಇಲ್ಲಿ ನಾಯಿ ಎದ್ದು ನಿಂತಿದೆ, ಕತ್ತು ಮೇಲೆತ್ತಿದೆ. ಕೋಲು ಹಿಡಿದ ಒಡೆಯ ಇನ್ನೊಂದು ಕೈಯನ್ನು ಅದರ ಕಡೆ ಚಾಚಿದ್ದಾನೆ. ಕಾವ್ಯದಲ್ಲಿ ಆಗದಿದ್ದದ್ದನ್ನು ಅಚ್ಚು ಕೊರೆದವನು ಬೆರಳುಗುರಿನಷ್ಟು ಜಾಗದಲ್ಲಿ ಆಗಿಸಿದ್ದಾನೆ. ನನಗೆ ಇದಕ್ಕಿಂತ ಇಷ್ಟವಾದ ರೋಮನ್ ನಾಣ್ಯ ಇನ್ನೊಂದಿಲ್ಲ.

ಇದನ್ನು ಕ್ರಿ.ಪೂ. 82ರಲ್ಲಿ ಹೊಡೆಸಿದವನು ಗಾಯಸ್ ಮಾಮಿಲಿಯಸ್ ಲಿಮೆಟಾನಸ್. ಆಗ ಟಂಕಸಾಲೆಯ ಹೊಣೆ ಕಿರಿಯ ಅಧಿಕಾರಿಗಳದ್ದು. ಅವರು ತಮ್ಮ ಮನೆತನದ ಹಿರಿಮೆಯನ್ನು ನಾಣ್ಯದಲ್ಲಿ ಸಾರುತ್ತಿದ್ದರು. ಮಾಮಿಲಿಯಸ್ ಮನೆಯವರು ತಾವು ಯುಲಿಸಿಸ್‌ನ ವಂಶದವರು ಎನ್ನುತ್ತಿದ್ದರು. ಇನ್ನೊಂದು ಬದಿಯಲ್ಲಿ ಮರ್ಕ್ಯುರಿ ದೇವರಿದ್ದಾನೆ. ಅವನೂ ಸುಮ್ನೆ ಬಂದವನಲ್ಲ, ಪುರಾಣದ ಪ್ರಕಾರ ಯುಲಿಸಿಸ್‌ನ ತಾಯಿಯ ಅಜ್ಜ! ಹೀಗಾಗಿ ನೀವು ಕೇಳಿದ ದೇವರೂ ಇದ್ದಾನೆ, ಆದರೆ ಮನೆಯ ಹಿರಿಯನಾಗಿ.

ಜೂಲಿಯಸ್ ಸೀಸರ್ ಮಾಡಿದ್ದೂ ಇದನ್ನೇ. ಕ್ರಿ.ಪೂ. 47-46ರ ಅವನ ನಾಣ್ಯದಲ್ಲಿ ಒಂದು ಕಡೆ ವೀನಸ್ ದೇವತೆ. ಸೀಸರ್ ಮನೆಯವರು ತಾವು ಅವಳ ವಂಶದವರು ಎನ್ನುತ್ತಿದ್ದರು. ಇನ್ನೊಂದು ಕಡೆ ಅವಳ ಮಗ ಈನಿಯಸ್, ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಉರಿಯುವ ಟ್ರಾಯ್‌ನಿಂದ ಹೊರಟಿದ್ದಾನೆ. ಪಕ್ಕದಲ್ಲಿ 'ಸೀಸರ್' ಎಂಬ ಒಂದೇ ಪದ. ಅವನ ವಂಶ ಯಾವುದೆಂದು ಓದಲು ಬಾರದವರಿಗೂ ಗೊತ್ತಾಗಬೇಕಲ್ವಾ?

ಇನ್ನು ಬೆಂಗಳೂರಿನ ಮಾತು. ಯಶವಂತಪುರದಲ್ಲಿ ಸಿಕ್ಕ ಬೆಳ್ಳಿ ನಾಣ್ಯಗಳಲ್ಲಿ ಸೀಸರ್‌ನ ನಂತರ ಬಂದ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದವು ಇವೆ. ಆ ಹೊತ್ತಿಗೆ ಚಕ್ರವರ್ತಿಯ ಮುಖವೇ ನಾಣ್ಯದ ಮುಖವಾಗಿತ್ತು. ಭಾರತದಲ್ಲಿ ಜಾಸ್ತಿ ಸಿಗುವ ಟೈಬೀರಿಯಸ್ ನಾಣ್ಯದ ಹಿಂಬದಿಯಲ್ಲಿ ಕೊಂಬೆ ಹಿಡಿದು ಕೂತ ಹೆಂಗಸಿದ್ದಾಳೆ. ಅವಳು ಅವನ ತಾಯಿ ಲಿವಿಯಾ ಎಂದು ಹಲವರು ಹೇಳುತ್ತಾರೆ. ಆರ್ಗಸ್ ಅವುಗಳಲ್ಲಿಲ್ಲ.